ವಾರಿಜಾ ಕೊಡದ ಕ್ಷಮೆ

ಮೂರು ಗಂಟೆಯ ಬಸ್ಸಿನಲ್ಲಿ ನಾನು ಈ ಊರಿಗೆ ಬಂದಿಳಿದಾಗ ಮೈಮೇಲೆ ಜರಿಸೀರೆ, ಎರಡೂ ಕೈತುಂಬ ಬಳೆ, ಹಣೆಯ ಮೇಲೆ ಹಾವಿನ ಹೆಡೆಯಂಥ ಬೊಟ್ಟು. ಬಸ್ ಸ್ಟ್ಯಾಂಡಿನಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ತಲೆಯೆತ್ತಿ ನನ್ನ ಮುಖ ನೋಡಿದಳು, ಪಕ್ಕದಲ್ಲಿ ಕೂತಿದ್ದ ಮಗಳ ಕೊರಳಿನ ಸರವನ್ನು ರವಿಕೆಯೊಳಗೆ ತಳ್ಳಿದಳು, ಮತ್ತೆ ತಲೆ ತಗ್ಗಿಸಿ ಹೂ ಕಟ್ಟತೊಡಗಿದಳು. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು. ನಾನು ಅದಕ್ಕೆ ತಕ್ಕವಳೇ ಆಗಿದ್ದೆ.

ಟೀವಿಯಲ್ಲಿ ನಿಂತುಹೋದ ಧಾರಾವಾಹಿಗಳ ಪಾತ್ರಗಳೆಲ್ಲ ಬಂದು ಇಳಿಯುವುದು ಇಲ್ಲಿಯೇ. ಊರವರು ನಮ್ಮನ್ನು ‘ನಿಂತವರು’ ಎನ್ನುತ್ತಾರೆ. ಪುರಸಭೆಯ ಗುಮಾಸ್ತರು ದಪ್ಪ ಪುಸ್ತಕದಲ್ಲಿ ಹೆಸರು ಬರೆದುಕೊಂಡು, ತಂದೆಯ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದು, ನೀರಿನ ಟ್ಯಾಂಕಿನ ಹಿಂದಿರುವ ಸಾಲುಮನೆಗಳಲ್ಲಿ ಒಂದರ ಬೀಗದ ಕೈ ಕೊಡುತ್ತಾರೆ. ನನಗಿಂತ ಮೊದಲು ಬಂದ ಒಬ್ಬ ನ್ಯಾಯಾಧೀಶರು ಸೈಕಲ್ ಪಂಕ್ಚರ್ ಹಾಕುತ್ತಿದ್ದರು. ದ್ವಿಪಾತ್ರದ ಅವಳಿ ಅಕ್ಕತಂಗಿಯರಿಬ್ಬರು ಇಡ್ಲಿ ಮಾರುತ್ತಿದ್ದರು. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ, ಇಬ್ಬರನ್ನೂ ಒಟ್ಟಿಗೆ ಕಂಡವರಿಲ್ಲ. ಎಲ್ಲರಿಗೂ ಮೊದಲ ಕೆಲವು ತಿಂಗಳು ಕಷ್ಟ. ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಹನ್ನೆರಡು ಬಗೆ ಬಂದು ಕೂರುತ್ತಿದ್ದವು, ಯಾರಾದರೂ ಒಂದು ತುತ್ತು ಎತ್ತುವ ಮೊದಲೇ ಜಗಳ ಹತ್ತಿಕೊಳ್ಳುತ್ತಿತ್ತು. ಆರುನೂರ ಹನ್ನೆರಡು ಸಂಚಿಕೆ ನಾನು ಹಸಿದುಕೊಂಡೇ ಇದ್ದೆ ಎಂಬುದು ಇಲ್ಲಿ ಮೊದಲ ರಾಗಿಮುದ್ದೆ ನುಂಗಿದ ಮೇಲೆ ಗೊತ್ತಾಯಿತು.

ನಾನು ಮಾಡಿದ್ದನ್ನು ಊರೆಲ್ಲ ನೋಡಿದೆ. ಆದರೂ ನನ್ನ ಬಾಯಿಂದಲೇ ಹೇಳಬೇಕು. ನನ್ನ ಹೆಸರು ದಾಕ್ಷಾಯಿಣಿ, ದೊಡ್ಡ ಮನೆಯೊಂದರ ಹಿರಿಸೊಸೆ. ವಾರಿಜಾ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಒಳ್ಳೆಯವಳು, ಹಿರಿಯರಿಗೆ ಎದುರಾಡಿ ಗೊತ್ತಿಲ್ಲದವಳು. ಅವಳನ್ನು ಬರೆದದ್ದೇ ಹಾಗೆ. ಒಂದು ದಿನ ಅತ್ತೆಯ ಚಿನ್ನದ ಅವಲಕ್ಕಿ ಸರವನ್ನು ಕದ್ದು ತೆಗೆದು ವಾರಿಜಾಳ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಟ್ಟೆ. ಆಮೇಲೆ ಎಲ್ಲರ ಮುಂದೆ ನಾನೇ ಹುಡುಕಿ ತೆಗೆದೆ. ವಾರಿಜಾ ನನ್ನ ಮುಖ ನೋಡಿದಳು. ಅವಳಿಗೆ ತಿಳಿದಿತ್ತು, ತಿಳಿದೂ ಬಾಯಿ ಬಿಡಲಿಲ್ಲ. ನಡುಹಗಲಿನ ಬಿಸಿಲಿನಲ್ಲಿ ಒಂದು ಕೈಚೀಲ ಹಿಡಿದು ಗೇಟು ದಾಟಿ ಹೋದಳು. ಆಮೇಲೆ ಧಾರಾವಾಹಿ ಅವಳತ್ತ ತಿರುಗಿ ನೋಡಲಿಲ್ಲ. ಇನ್ನೂರು ಚಿಲ್ಲರೆ ಸಂಚಿಕೆ ಕಳೆದು ಅದೂ ನಿಂತುಹೋಯಿತು. ನಾನು ಸಿಕ್ಕಿಬೀಳಲಿಲ್ಲ, ನನಗೆ ಶಿಕ್ಷೆಯಾಗಲಿಲ್ಲ, ನಾನೊಮ್ಮೆ ಅಳಲೂ ಇಲ್ಲ.

ಸಾಲುಮನೆಯ ನ್ಯಾಯಾಧೀಶರು ನನಗೆ ಸಮಾಧಾನ ಹೇಳುತ್ತಿದ್ದರು. ತಾವು ಹದಿನಾಲ್ಕು ಜನರಿಗೆ ಗಲ್ಲು ವಿಧಿಸಿದ್ದಾಗಿಯೂ ಅದರಲ್ಲಿ ಒಂಬತ್ತು ಮಂದಿ ನಿರಪರಾಧಿಗಳೆಂದೂ, ಬರೆದವರು ಬರೆದರು, ನಾವು ಮಾಡಿದೆವು, ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬಾರದೆಂದೂ ಅವರ ವಾದ. ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದೆ. ಆದರೆ ಆ ಟ್ರಂಕು ಬಿಡುತ್ತಿರಲಿಲ್ಲ. ಸೀರೆಗಳ ಅಡಿಗೆ ಕೈ ಹಾಕಿದಾಗ ಒಂದು ಹಳೆಯ ನೂಲಿನ ಸೀರೆಯ ಮೆತ್ತನೆ ಸೋಕಿತು, ನುಸಿಗುಳಿಗೆಯ ವಾಸನೆ ಮೂಗಿಗೆ ಬಂತು, ನನ್ನ ಎದೆಯಲ್ಲಿ ಏನೋ ಸಿಹಿಯಾಗಿ ಹರಡಿತು. ಸರ ಇಡು ಎಂದು ಬರೆದಿದ್ದರು. ಖುಷಿಪಡು ಎಂದು ಯಾರೂ ಬರೆದಿರಲಿಲ್ಲ. ಆ ಖುಷಿ ನನ್ನದು. ಇದನ್ನು ನ್ಯಾಯಾಧೀಶರಿಗೆ ಹೇಳಲಿಲ್ಲ. ಅವರೂ ಏನನ್ನಾದರೂ ನೆನಪಿಸಿಕೊಂಡಾರು ಎಂದು ಹೆದರಿದೆ.

ನನಗೆ ಬಾಲ್ಯವನ್ನೂ ಬರೆದಿರಲಿಲ್ಲ. ಧಾರಾವಾಹಿ ಶುರುವಾದಾಗಲೇ ನನಗೆ ಮದುವೆಯಾಗಿ ಏಳು ವರ್ಷ; ಅದರ ಹಿಂದೆ ಬರಿ ಬಯಲು. ನಲ್ಲಿಯ ಹತ್ತಿರ ಹೆಂಗಸರು ತವರು ಯಾವುದೆಂದು ಕೇಳಿದಾಗ ಮೊದಲ ದಿನ ತಡವರಿಸಿದೆ. ಎರಡನೆಯ ದಿನ ಒಂದು ಹೊಳೆದಂಡೆಯ ಊರಿನ ಹೆಸರು ಹೇಳಿದೆ. ಮೂರನೆಯ ದಿನ ನನ್ನ ಮಾತಿನಲ್ಲಿ ಆ ಊರಿಗೆ ತೆಪ್ಪ ಹಾಕುವ ಅಪ್ಪ ಬಂದ. ವಾರ ಕಳೆಯುವುದರೊಳಗೆ ಹುಣಸೆಹಣ್ಣು ಕುಟ್ಟುತ್ತ ಹಾಡು ಹೇಳುವ ಅಜ್ಜಿಯೂ ಬಂದಳು. ಹೇಳುತ್ತ ಹೇಳುತ್ತ ನನಗೇ ಅವಳ ನೆನಪಾಗಿ ಆ ಹಾಡನ್ನು ಗುನುಗಿಕೊಳ್ಳುತ್ತಿದ್ದೆ. ಇದರಿಂದ ಯಾರಿಗೂ ಏನೂ ತೊಂದರೆಯಿರಲಿಲ್ಲ. ಆದರೆ ಇಲ್ಲದ್ದನ್ನು ಇದ್ದ ಹಾಗೆ ನೆನೆದುಕೊಳ್ಳುವುದು ಎಷ್ಟು ಸಲೀಸು ಎಂಬುದನ್ನು ನಾನು ಕಲಿತದ್ದು ಆಗಲೇ.

ಪೇಟೆಬೀದಿಯ ತಿರುವಿನಲ್ಲಿ ಹಾಲಮ್ಮನವರ ಹಿಟ್ಟಿನ ಗಿರಣಿ ಇದೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸಿಕೊಂಡು ಬಂದವರು, ಬೆಲ್ಟು ಕಳಚಿದರೆ ಸೆರಗು ಸಿಕ್ಕಿಸಿ ತಾವೇ ಹಾಕುವವರು. ಬೇರೆ ಯಾರೂ ನನಗೆ ಕೆಲಸ ಕೊಡಲು ಒಪ್ಪದಿದ್ದಾಗ ಅವರ ಬಾಗಿಲಿಗೆ ಹೋಗಿ ನಿಂತೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಕೈ ಬೇಕಾಗಿದೆ, ಆದರೆ ನಿನ್ನ ಕೈಯಿಂದ ಹಿಟ್ಟು ಇಸಕೊಳ್ಳಲು ಹೆಂಗಸರು ಒಪ್ಪಬೇಕಲ್ಲ ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, “ಒಂದು ಕೇಳ್ತೀನಿ, ನಿಜ ಹೇಳು. ಆ ಹುಡುಗಿ ಆಮೇಲೆ ಏನಾದ್ಲು?”

ಗೊತ್ತಿಲ್ಲ ಅನ್ನಬೇಕಿತ್ತು. ಮೂರೇ ಅಕ್ಷರ. ಆದರೆ ಹಾಲಮ್ಮನವರ ಕಣ್ಣಲ್ಲಿ ನಿಜವಾದ ಸಂಕಟವಿತ್ತು. ಆರುನೂರು ದಿನ ರೊಟ್ಟಿ ಬಡಿಯುತ್ತ ಆ ಹುಡುಗಿಗಾಗಿ ಮರುಗಿದ ಕಣ್ಣು ಅದು. ಅವರಿಗೆ ಬೇಕಾದದ್ದನ್ನು ಕೊಟ್ಟರೆ ನನಗೆ ಬೇಕಾದದ್ದು ಸಿಗುತ್ತದೆ ಎಂದು ನನ್ನ ಮನಸ್ಸು ಕ್ಷಣಾರ್ಧದಲ್ಲಿ ಲೆಕ್ಕ ಹಾಕಿತು. ಕೊನೆಯ ಎಂಟು ಸಂಚಿಕೆಗಳನ್ನು ತೋರಿಸಲೇ ಇಲ್ಲ ಎಂದು ಶುರು ಮಾಡಿದೆ. ಅವುಗಳಲ್ಲಿ ನಾನು ವಾರಿಜಾಳನ್ನು ಹುಡುಕಿಕೊಂಡು ಹೋದೆ, ಒಂದು ಗುಡಿಯ ಮೆಟ್ಟಿಲ ಮೇಲೆ ಸಿಕ್ಕಳು, ಎಲ್ಲರೆದುರು ಅವಳ ಕಾಲು ಹಿಡಿದು ತಪ್ಪೊಪ್ಪಿಕೊಂಡೆ, ಅವಳು ನನ್ನನ್ನು ಎತ್ತಿ ನಿಲ್ಲಿಸಿ ‘ಬಿಡಿ ಅಕ್ಕ, ಮರೆತುಬಿಡೋಣ’ ಅಂದಳು. ಹಾಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನೂ ಅತ್ತೆ. ಅದು ನನ್ನ ಬದುಕಿನ ಮೊದಲ ಅಳು, ಅದೂ ಸುಳ್ಳಿಗೆ. ಮಾರನೆಯ ದಿನದಿಂದ ಕೆಲಸಕ್ಕೆ ಬಾ ಎಂದರು.

ಗಿರಣಿಯೆಂದರೆ ಹೆಂಗಸರು ಕಾಯುವ ಜಾಗ. ಜೋಳದ್ದು ಮುಗಿಯುವವರೆಗೆ ಗೋಧಿಯವರು ಕಾಯಬೇಕು, ಗೋಧಿಯದು ಮುಗಿಯುವವರೆಗೆ ರಾಗಿಯವರು. ಕಾಯುವ ಹೊತ್ತಿಗೆ ಒಂದು ಕಥೆ ಬೇಕು. ಹಾಲಮ್ಮ ಮೊದಲು ತಾವೇ ಹೇಳಿದರು, ಆಮೇಲೆ ನನ್ನಿಂದ ಹೇಳಿಸಿದರು. ಹೇಳಿದ ಸಲವೆಲ್ಲ ಅದು ಒಂದಿಷ್ಟು ಬೆಳೆಯಿತು. ಗುಡಿಯ ಮೆಟ್ಟಿಲಿಗೆ ಅರಳಿಮರದ ನೆರಳು ಬಂತು. ವಾರಿಜಾ ತನ್ನ ಬಟ್ಟಲಿನಿಂದ ನನ್ನ ಹಣೆಗೆ ಕುಂಕುಮ ಇಟ್ಟಳು. ಊರವರು ಸರ ಮುಚ್ಚಿಕೊಳ್ಳುವುದನ್ನು ಬಿಟ್ಟರು. ಹಬ್ಬಕ್ಕೆ ಹೋಳಿಗೆ ಕಳಿಸಿದರು. ತಪ್ಪು ಮಾಡದವರು ಯಾರಿದ್ದಾರೆ, ಒಪ್ಪಿಕೊಳ್ಳುವವರು ಎಷ್ಟು ಮಂದಿ ಎಂದು ನನ್ನನ್ನೇ ತೋರಿಸಿ ಸೊಸೆಯಂದಿರಿಗೆ ಬುದ್ಧಿ ಹೇಳಿದರು. ಕೆಲವು ದಿನ ಬೆಳಿಗ್ಗೆ ಎದ್ದಾಗ ನನಗೂ ಅದು ನಡೆದೇ ಇತ್ತು ಅನ್ನಿಸುತ್ತಿತ್ತು; ಹಣೆಯ ಮೇಲೆ ಅವಳ ಬೆರಳಿನ ತಂಪು ಸಹ ನೆನಪಾಗುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ನನ್ನ ಪಾಪ ನನ್ನ ಹೊಟ್ಟೆಯಲ್ಲೇ ಇರುತ್ತಿತ್ತು. ಆದರೆ ನಾಗವೇಣಿಯ ವಿಷಯ ಬಂತು. ನಾಗವೇಣಿ ಪೇಟೆಯಲ್ಲಿ ರವಿಕೆ ಹೊಲಿಯುವವಳು, ಒಂಟಿ ಹೆಂಗಸು, ಮಾತು ಕಡಿಮೆ. ಅವಳ ತಾಯಿ ಹಾಸಿಗೆ ಹಿಡಿದಿದ್ದಾಗ ಅಣ್ಣನ ಹೆಂಡತಿ ಬೇಕೆಂದೇ ಅವಳಿಗೆ ತಿಳಿಸಲಿಲ್ಲ. ಮುದುಕಿ ನಾಲ್ಕು ದಿನ ಮಗಳ ಹೆಸರು ಕರೆದು ಕರೆದು ಸತ್ತಿತು; ಮಣ್ಣಾದ ಮೂರನೆಯ ದಿನ ನಾಗವೇಣಿಗೆ ಸುದ್ದಿ ಬಂತು. ಅಂದಿನಿಂದ ಅವಳು ಅತ್ತಿಗೆಯ ಮನೆಯ ಬೀದಿಯಲ್ಲಿ ಹೆಜ್ಜೆ ಇಟ್ಟಿರಲಿಲ್ಲ. ಆರು ವರ್ಷ. ಹಾಲಮ್ಮ ಒಂದು ದಿನ ಗಿರಣಿಯಲ್ಲೇ ಅವಳನ್ನು ಹಿಡಿದುಕೊಂಡರು. ಅಷ್ಟು ದೊಡ್ಡ ಅನ್ಯಾಯವನ್ನು ವಾರಿಜಾ ಮರೆಯಲಿಲ್ಲವೇ, ನೀನು ಅವಳಿಗಿಂತ ದೊಡ್ಡವಳೇ ಎಂದರು. ಉಳಿದ ಹೆಂಗಸರೂ ದನಿಗೂಡಿಸಿದರು. ನಾಗವೇಣಿ ಯಾರ ಮುಖವನ್ನೂ ನೋಡದೆ ನನ್ನ ಮುಖ ನೋಡಿ ಕೇಳಿದಳು, “ಆಕೆ ಮನಸ್ಸಿನಿಂದಲೇ ಅಂದ್ಲಾ, ಮರೆತೆ ಅಂತ?”

“ಮನಸ್ಸಿನಿಂದಲೇ,” ಅಂದೆ.

ಅಂದೇ ಹಾಲಮ್ಮ ಅವಳ ಕೈ ಹಿಡಿದು ಅಣ್ಣನ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಅರಿಶಿನ ಕುಂಕುಮ ಕೊಟ್ಟು ತಕ್ಕೊಂಡು ಆಯಿತಂತೆ. ಆಮೇಲೆ ಆ ಅತ್ತಿಗೆ ಹಬ್ಬಹಬ್ಬಕ್ಕೂ ನಾಗವೇಣಿಯ ಮನೆಗೆ ಬರತೊಡಗಿದಳು. ಅವಳ ಮಣೆಯ ಮೇಲೆ ಕೂತು, ಅವಳು ಬಡಿಸಿದ್ದನ್ನು ಉಂಡು, ಅತ್ತೆಯ ಕಡೆಗಾಲದ ಸಂಗತಿಗಳನ್ನು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ನಾಗವೇಣಿ ಬಡಿಸುತ್ತಿದ್ದಳು. ಮೊದಲೇ ಕಡಿಮೆಯಿದ್ದ ಮಾತು ಪೂರ್ತಿ ನಿಂತಿತು. ಗಿರಣಿಗೆ ಬಂದರೆ ಡಬ್ಬಿ ಇಟ್ಟು ಹೊರಗೆ ಬಿಸಿಲಲ್ಲಿ ನಿಲ್ಲುತ್ತಿದ್ದಳು. ಇದನ್ನೆಲ್ಲ ನಾನು ನೋಡಿದೆ. ನೋಡಿಯೂ ಜರಡಿ ಹಿಡಿಯುತ್ತ ಕೂತೆ.

ನಾನು ಬಂದು ಎರಡು ವರ್ಷವಾದ ಮೇಲೆ ಒಂದು ಮಂಗಳವಾರ ಮೂರು ಗಂಟೆಯ ಬಸ್ಸಿನಲ್ಲಿ ವಾರಿಜಾ ಬಂದಳು. ಸುದ್ದಿ ನನಗಿಂತ ಮೊದಲು ಬೀದಿಗೆ ಮುಟ್ಟಿತ್ತು. ಆರತಿ ತಟ್ಟೆ ಹಿಡಿದ ಹೆಂಗಸರ ಗುಂಪೊಂದು ಅವಳನ್ನು ನಡುವೆ ಇಟ್ಟುಕೊಂಡು ಗಿರಣಿಯತ್ತ ಬರುವುದನ್ನು ಕಂಡಾಗ ನನ್ನ ಕೈಯಲ್ಲಿ ಜೋಳದ ಹಿಟ್ಟಿನ ಡಬ್ಬಿಯಿತ್ತು. ಗೇಟು ದಾಟಿದಾಗ ಉಟ್ಟಿದ್ದ ಅದೇ ಹಳದಿ ನೂಲಿನ ಸೀರೆ, ಅದೇ ಕೈಚೀಲ. ಚಪ್ಪಲಿ ಸವೆದು ಅಂಗಾಲು ನೆಲಕ್ಕೆ ತಾಗುತ್ತಿತ್ತು. ಮುಖದ ಬಣ್ಣ ಮಾತ್ರ ಬೇರೆ, ಸುಟ್ಟ ಇಟ್ಟಿಗೆಯಂತೆ.

ಹಾಲಮ್ಮ ಅವಳ ಎರಡೂ ಕೆನ್ನೆ ನೇವರಿಸಿ ನೆಟಿಗೆ ಮುರಿದರು. ನಿನ್ನ ಅಕ್ಕ ಎಲ್ಲ ಹೇಳಿದ್ದಾಳೆ, ಗುಡಿಯ ಮೆಟ್ಟಿಲ ಮೇಲೆ ನೀನು ಅವಳನ್ನು ಕ್ಷಮಿಸಿದ್ದು, ಕುಂಕುಮ ಇಟ್ಟದ್ದು, ನಿನ್ನಂಥ ಮನಸ್ಸು ಯಾರಿಗೆ ಬರುತ್ತದೆ ಎಂದರು. ವಾರಿಜಾ ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನತ್ತ ನೋಡಿದಳು. ಟ್ರಂಕಿನ ಮುಂದೆ ನಿಂತು ನೋಡಿದ್ದ ಅದೇ ನೋಟ. ಅವಳ ತುಟಿ ಬಿರಿಯಿತು.

“ಹೂಂ,” ಅಂದಳು.

ಹೆಂಗಸರು ಕಣ್ಣೊರೆಸಿಕೊಂಡರು. ಯಾರೋ ನಮ್ಮಿಬ್ಬರನ್ನೂ ಒಬ್ಬರ ಕಡೆಗೊಬ್ಬರನ್ನು ನೂಕಿದರು, ಅವಳ ಭುಜ ನನ್ನ ಭುಜಕ್ಕೆ ತಾಗಿತು, ಅವಳ ಸೀರೆಗೆ ನನ್ನ ಕೈಯ ಹಿಟ್ಟು ಮೆತ್ತಿತು. ಆ ಗಳಿಗೆಯಲ್ಲಿ ನನಗೇನನ್ನಿಸಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಹಾಯೆನಿಸಿತು. ಬದುಕಿದೆ ಅನ್ನಿಸಿತು. ಎರಡನೆಯ ಸಲ ಅವಳ ಮೌನದ ಹಿಂದೆ ಬಚ್ಚಿಟ್ಟುಕೊಂಡೆ, ಎರಡನೆಯ ಸಲವೂ ಎದೆಯಲ್ಲಿ ಅದೇ ಸಿಹಿ ಹರಡಿತು. ಈ ಸಲ ಬರೆದುಕೊಡುವವರು ಯಾರೂ ಇರಲಿಲ್ಲ.

ಗುಮಾಸ್ತರು ಅವಳಿಗೆ ಬೇರೆ ಬೀಗದ ಕೈ ಕೊಡಲಿಲ್ಲ. ಒಡಹುಟ್ಟಿದವರ ಹಾಗೆ ಇರುವವರಿಗೆ ಎರಡು ಮನೆ ಯಾಕೆ ಎಂದು ನನ್ನ ಹೆಸರಿನ ಕೆಳಗೇ ಅವಳ ಹೆಸರು ಬರೆದುಕೊಂಡರು. ಹೀಗೆ ವಾರಿಜಾ ನನ್ನ ಜೊತೆಗೇ ಇರಲು ಬಂದಳು. ಎಲ್ಲಿದ್ದೆ ಇಷ್ಟು ದಿನ ಎಂದು ಕೇಳಿದೆ. ಅವಳು ಕಾಲಿಗೆ ಕೊಬ್ಬರಿಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

“ನಡೀತಿದ್ದೆ ಅಕ್ಕ. ಗೇಟಿನಾಚೆ ಒಂದು ರಸ್ತೆ ಇತ್ತು. ಅದು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಯೋಚನೆ ಮಾಡಿರಲಿಲ್ಲ. ಎರಡು ಕಡೆ ಮರ, ಮೇಲೆ ಬಿಸಿಲು. ಎಷ್ಟು ನಡೆದ್ರೂ ಮಧ್ಯಾಹ್ನ ಇಳೀಲೇ ಇಲ್ಲ. ಇವತ್ತು ಬಸ್ಸು ಬಂತು, ಹತ್ತಿದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟನ್ನು ಅವಳಿಗೆ ಕೊಟ್ಟೇ ಇರಲಿಲ್ಲ. ಅವಳು ಮಲಗಿದ ಮೇಲೆ ಗೋಡೆಗೆ ಒರಗಿ ಕೂತೆ. ಇಲ್ಲದ ಅಪ್ಪನಿಗೆ ತೆಪ್ಪ ಕಟ್ಟಿಕೊಟ್ಟವಳು ನಾನು. ಇಲ್ಲದ ಅಜ್ಜಿಯ ಬಾಯಿಗೆ ಹಾಡು ಹಾಕಿದವಳು. ಆ ಗುಡಿ, ಆ ಅರಳಿಮರ, ಎಲ್ಲ ನನ್ನ ಕಲ್ಪನೆಯೇ. ಆ ಹುಡುಗಿ ಬಿಸಿಲಲ್ಲಿ ನಡೆಯುತ್ತಿರಬಹುದು, ಅವಳಿಗೊಂದು ನೆರಳು ಬೇಕಾದೀತು, ಒಂದು ಲೋಟ ನೀರು ಬೇಕಾದೀತು ಎಂದು ಮಾತ್ರ ನನಗೆ ಒಂದು ದಿನವೂ ಹೊಳೆಯಲಿಲ್ಲ. ನನ್ನ ಕಲ್ಪನೆ ನನ್ನನ್ನು ಬಿಟ್ಟು ಬೇರೆ ಯಾರ ಕಡೆಗೂ ಒಂದು ಹೆಜ್ಜೆ ಇಟ್ಟಿರಲಿಲ್ಲ.

ಮೂರು ದಿನ ಅವಳು ಮನೆಗೆಲಸವೆಲ್ಲ ತಾನೇ ಮಾಡಿದಳು. ನಾನು ಪಾತ್ರೆಗೆ ಕೈ ಹಾಕಿದರೆ ಬಿಡಿ ಅಕ್ಕ ಎಂದು ಇಸಕೊಳ್ಳುತ್ತಿದ್ದಳು. ಬಯ್ಯಲಿ ಎಂದು ಕಾದೆ. ಒಂದು ಪಾತ್ರೆಯನ್ನಾದರೂ ಜೋರಾಗಿ ಕುಕ್ಕಲಿ ಎಂದು ಕಾದೆ. ನಾಲ್ಕನೆಯ ದಿನ ಬೆಳಿಗ್ಗೆ, ನಾನು ಗಿರಣಿಗೆ ಹೊರಟಿದ್ದಾಗ, ಅವಳು ಬಾಗಿಲ ಬಳಿ ಬಂದು ನಿಂತಳು. ಏನೋ ಕೇಳುವುದಿದೆ ಎಂದಳು.

“ನಾನು ಏನಂದೆ ಅಕ್ಕ, ಆ ಗುಡಿ ಹತ್ರ? ನಲ್ಲಿ ಹತ್ರ ಎಲ್ರೂ ಕೇಳ್ತಾರೆ. ನಿಮ್ಮ ಮಾತು ಸುಳ್ಳಾಗಬಾರದಲ್ಲ, ನನಗೂ ಗೊತ್ತಿದ್ರೆ ಒಳ್ಳೇದು.”

ಅವಳು ನನ್ನನ್ನು ಚುಚ್ಚಲು ಕೇಳಿದ್ದಲ್ಲ. ಚುಚ್ಚಲು ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ನನ್ನ ಸುಳ್ಳನ್ನು ಕಾಪಾಡಲು ಪಾಠ ಒಪ್ಪಿಸುವ ಹುಡುಗಿಯಂತೆ ಕೈಕಟ್ಟಿ ನಿಂತಿದ್ದಳು. ನಾನು ಹೇಳಬೇಕಾಯಿತು. ಹೊಸ್ತಿಲ ಮೇಲೆ ಕೂತು, ನಾನು ಅವಳನ್ನು ಹುಡುಕಿಕೊಂಡು ಹೋದದ್ದು, ನಾನು ಬಿಕ್ಕಿದ್ದು, ನಾನು ಕಾಲು ಹಿಡಿದದ್ದು, ನಾನು ಆಡಿದ ಉದ್ದುದ್ದ ಮಾತುಗಳು, ಎಲ್ಲವನ್ನೂ ಹೇಳಿದೆ. ಗಿರಣಿಯಲ್ಲಿ ಎಷ್ಟೋ ಸಲ ಹೇಳಿದ್ದ ಕಥೆ, ಅಂದು ಅವಳ ಮುಂದೆ ಹೇಳುವಾಗ ಒಂದೊಂದು ಮಾತೂ ಹಸಿ ಹಲಸಿನ ಅಂಟಿನ ಹಾಗೆ ಬಾಯಿಗೆ ಹತ್ತಿತು. ಕೊನೆಗೆ ‘ಬಿಡಿ ಅಕ್ಕ, ಮರೆತುಬಿಡೋಣ’ ಎಂದು ಮುಗಿಸಿದೆ. ಅವಳು ಇನ್ನೂ ಇದೆಯೇನೋ ಎಂದು ಕಾದಳು.

“ನಂದು ಅಷ್ಟೇ ಮಾತಾ?”

“ಅಷ್ಟೇ,” ಅಂದೆ.

ಅವಳು ತಲೆಯಾಡಿಸಿದಳು. ತುಟಿ ಅಲ್ಲಾಡಿಸುತ್ತ ಆ ಎರಡು ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತ ಒಳಗೆ ಹೋದಳು.

ಅಂದು ಗಿರಣಿಯಲ್ಲಿ ಹೆಚ್ಚು ಜನ. ಹನ್ನೊಂದು ಗಂಟೆಯ ಹೊತ್ತಿಗೆ ವಾರಿಜಾ ನನಗೆ ಬುತ್ತಿ ತಂದಳು. ಹೆಂಗಸರು ಅವಳನ್ನು ಹಿಡಿದು ಕೂರಿಸಿಕೊಂಡರು. ಹೊರಗೆ ಬಿಸಿಲಲ್ಲಿ ನಿಂತಿದ್ದ ನಾಗವೇಣಿ ಅವಳನ್ನು ಕಂಡು ಒಳಗೆ ಬಂದಳು. ನೇರವಾಗಿ ಬಂದು ವಾರಿಜಾಳ ಎದುರು ಕುಕ್ಕರುಗಾಲಲ್ಲಿ ಕೂತಳು. ಮೋಟರಿನ ಸದ್ದು ನಡೆದೇ ಇತ್ತು. ಅದರ ಮೇಲೆ ಕೇಳಿಸಲಿ ಎಂದು ನಾಗವೇಣಿ ದನಿ ಎತ್ತಿದಳು.

“ನೀನು ಹೆಂಗೆ ಮರೆತೆ ತಾಯಿ? ನಾನೂ ಬಾಯಲ್ಲಿ ಹೇಳಿಬಂದೆ. ಒಳಗೆ ಆರ್ತಿಲ್ಲ. ಅವಳು ನಮ್ಮನೇಲಿ ಕೂತು ಉಣ್ತಾಳೆ, ನನಗೆ ಅನ್ನ ಸೇರಲ್ಲ. ನೀನು ಮಾಡಿದ ಹಂಗೆ ಮಾಡಿದೀನಿ, ನನಗೆ ಯಾಕೆ ಆಗ್ತಿಲ್ಲ?”

ವಾರಿಜಾ ಬಾಯಿ ತೆರೆದಳು. ಬೆಳಿಗ್ಗೆ ಕಲಿತ ಮಾತು ತುದಿನಾಲಗೆಯವರೆಗೆ ಬಂದದ್ದು ನನಗೆ ಕಾಣಿಸಿತು. ನಾಗವೇಣಿಯ ಮುಖ ನೋಡಿ ಅದು ಅಲ್ಲೇ ನಿಂತಿತು. ಅವಳು ನನ್ನ ಕಡೆ ತಿರುಗಿದಳು. ಎದುರಾಡಲು ಬಾರದವಳು, ಸುಳ್ಳಾಡಲೂ ಬಾರದವಳು, ಏನು ಮಾಡಲಿ ಎಂದು ನನ್ನನ್ನೇ ಕೇಳುತ್ತಿದ್ದಳು.

ನಾನು ಹೋಗಿ ಮೋಟರು ನಿಲ್ಲಿಸಿದೆ. ಬೆಲ್ಟು ಸುತ್ತುತ್ತ ಸುತ್ತುತ್ತ ನಿಂತಿತು.

“ನಾಗವೇಣಿ, ಅವಳು ನನ್ನನ್ನ ಕ್ಷಮಿಸಿಲ್ಲ,” ಅಂದೆ. “ನಾನು ಕೇಳೇ ಇಲ್ಲ. ಗುಡಿಯಿಲ್ಲ, ಕುಂಕುಮ ಇಲ್ಲ, ಎಂಟು ಸಂಚಿಕೆನೂ ಇಲ್ಲ. ಎಲ್ಲ ನಾನು ಕಟ್ಟಿದ್ದು. ನಿನಗೆ ಆಗ್ತಿಲ್ಲ ಅಂದ್ರೆ ಅದು ನಿನ್ನ ತಪ್ಪಲ್ಲ. ಯಾರೂ ಮಾಡದೇ ಇದ್ದದ್ದನ್ನ ನಿನ್ನ ಕೈಲಿ ಮಾಡಿಸಿದ್ವಿ.”

ಶುರು ಮಾಡಿದ ಮೇಲೆ ಉಳಿದದ್ದನ್ನೂ ಹೇಳಿದೆ. ಟ್ರಂಕಿಗೆ ಕೈ ಹಾಕಿದಾಗ ಆದ ಖುಷಿ. ವಾರಿಜಾ ಹೂಂ ಅಂದಾಗ ಆದ ಖುಷಿ. ನಾಗವೇಣಿ ಮನಸ್ಸಿನಿಂದಲೇ ಅಂದಳಾ ಎಂದು ಕೇಳಿದಾಗ ನಿಜ ಹೇಳಲು ನನಗೆ ಸಮಯವಿತ್ತು, ಹೇಳಲಿಲ್ಲ ಎಂಬುದು. ಯಾರೂ ನನ್ನನ್ನು ತಡೆಯಲಿಲ್ಲ, ಯಾರೂ ಬಯ್ಯಲಿಲ್ಲ. ಕೇಳಿ ಮುಗಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬೀಸಿದ್ದು, ಬೀಸದಿದ್ದದ್ದು ನೋಡದೆ ತಮ್ಮ ತಮ್ಮ ಡಬ್ಬಿ ಎತ್ತಿಕೊಂಡು ಹೋದರು. ಕೆಲವರು ಸರ ಮುಚ್ಚಿಕೊಂಡರು. ನಾಗವೇಣಿ ಎದ್ದು ಸೆರಗು ಕೊಡವಿಕೊಂಡು, ಬಿಸಿಲಲ್ಲಿ, ಅಣ್ಣನ ಮನೆಯ ಬೀದಿಯ ಕಡೆಗೆ ಹೊರಟಳು. ಹೊಸ್ತಿಲಾಚೆಯೇ ನಿಂತು, ಅಂದು ಹೇಳಿದ್ದನ್ನು ವಾಪಸು ತಗೊಂಡಿದ್ದೇನೆ, ಇನ್ನು ನನ್ನ ಮನೆಗೆ ಬರಬೇಡ ಎಂದು ಅತ್ತಿಗೆಗೆ ಹೇಳಿಬಂದಳಂತೆ. ಅಣ್ಣ ಮಾತು ಬಿಟ್ಟ. ಅಂದು ಮಧ್ಯಾಹ್ನ ನಾಗವೇಣಿ ಅನ್ನ ಬೇಯಿಸಿಕೊಂಡು ಹೊಟ್ಟೆತುಂಬ ಉಂಡಳು ಎಂದು ಪಕ್ಕದ ಮನೆಯವರು ಹೇಳಿದರು.

ಹಾಲಮ್ಮ ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಬಿಡಿಸಿದ್ದರೆ ಹಗುರಾಗುತ್ತಿತ್ತು. ಹಿಟ್ಟಿನ ಧೂಳಿನಲ್ಲಿ ತಮ್ಮ ಕೈಯನ್ನೇ ನೋಡಿಕೊಳ್ಳುತ್ತ ಕೂತಿದ್ದರು. “ನಾಗವೇಣಿ ಅವತ್ತು ಬರೋದಿಲ್ಲ ಅಂದಿದ್ಲು ಕಣೇ,” ಅಂದರು. “ಬರೋದಿಲ್ಲ ಅಂದವಳನ್ನ ನಾನು ಈ ಕೈಲಿ ಎಳ್ಕೊಂಡು ಹೋದೆ.” ಆಮೇಲೆ ಎದ್ದು ಮೋಟರು ಹಾಕಿದರು. ಅಂದಿನಿಂದ ಅವರು ನನ್ನೊಂದಿಗೆ ಆಡುವುದು ಜೋಳ, ಗೋಧಿ, ರಾಗಿ, ಇಷ್ಟೇ ಮಾತು.

ಮನೆಗೆ ಬಂದಾಗ ವಾರಿಜಾ ತನ್ನ ಕೈಚೀಲಕ್ಕೆ ಎರಡು ಸೀರೆ ಮಡಚಿ ಇಡುತ್ತಿದ್ದಳು. ನಾಗವೇಣಿ ತನ್ನ ಮನೆಯ ಹಜಾರದಲ್ಲಿ ಇರಲು ಕರೆದಿದ್ದಾಳೆ, ಹುಕ್ಸು ಹಾಕುವುದನ್ನು ಕಲಿಸುತ್ತಾಳಂತೆ ಎಂದಳು. ನಾನು ಅವಳ ಮುಂದೆ ಹೋಗಿ ನಿಂತೆ. ಇಷ್ಟು ವರ್ಷ ಕಥೆಯಲ್ಲಿ ಮಾಡಿದ್ದನ್ನು ಈಗ ನಿಜಕ್ಕೂ ಮಾಡಬೇಕು ಎಂದು ಬಗ್ಗಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಬೆನ್ನು ಗೋಡೆಗೆ ತಾಗಿತು. ಅವಳು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಕೇಳ್ಬೇಡಿ ಅಕ್ಕ,” ಅಂದಳು. “ನೀವು ಕೇಳಿದ್ರೆ ನಾನು ಕೊಟ್ಟುಬಿಡ್ತೀನಿ. ನನ್ನ ಮಾಡಿರೋದೇ ಹಾಗೆ, ಇಲ್ಲ ಅನ್ನೋಕೆ ನನಗೆ ಬರಲ್ಲ. ದಯವಿಟ್ಟು ಕೇಳ್ಬೇಡಿ. ನನ್ನ ಹತ್ರ ನಂದು ಅಂತ ಇರೋದು ಅದೊಂದೇ.”

ಬಗ್ಗಿದವಳು ಹಾಗೇ ನೆಟ್ಟಗಾದೆ. ಬಾಯಿಗೆ ಬಂದಿದ್ದ ಮಾತನ್ನು ನುಂಗಿದೆ. ಆ ಮಾತು ಆಡಿದ್ದರೆ ನನಗೆ ಎಷ್ಟು ನೆಮ್ಮದಿಯಾಗುತ್ತಿತ್ತು ಎಂಬುದು ಗೊತ್ತಿತ್ತು. ಅದಕ್ಕೇ ಅದನ್ನು ಆಡುವ ಹಕ್ಕು ನನಗಿಲ್ಲ ಎಂಬುದೂ ಆಗ ಗೊತ್ತಾಯಿತು. ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತೆ. ಅವಳು ಹೋದಳು. ಅವಳ ಕಾಲಿಗೆ ಹೊಸ ಚಪ್ಪಲಿ ಇತ್ತು, ಹೋಗುವ ಮನೆ ಎರಡು ಬೀದಿಯಾಚೆ ಇತ್ತು, ಹೊತ್ತು ಇಳಿದು ಬೀದಿಗೆಲ್ಲ ನೆರಳು ಬಿದ್ದಿತ್ತು.

ಇದಾಗಿ ಒಂದು ವರ್ಷವಾಯಿತು. ವಾರಿಜಾ ನಾಗವೇಣಿಯ ಜೊತೆ ಚೆನ್ನಾಗಿದ್ದಾಳೆ ಎಂದು ಕೇಳುತ್ತೇನೆ. ಸೊಪ್ಪಿನವಳು ಬಾಡಿದ ಕಟ್ಟು ಕೊಟ್ಟಾಗ ಬೇಡ ಅಂದಳಂತೆ. ಅಂದು ಮನೆಗೆ ಬಂದು ಬಾಗಿಲಿಗೆ ಅಗುಳಿ ಹಾಕಿ ಕೂತುಬಿಟ್ಟಳಂತೆ. ಇನ್ನೊಂದು ದಿನ, ಅಳತೆ ಸರಿಯಿಲ್ಲ ಎಂದು ಕೂಗಾಡಲು ಬಂದ ಗಿರಾಕಿಗೆ ಅಳತೆ ಸರಿಯಾಗೇ ಇದೆ, ನೀವು ದಪ್ಪಗಾಗಿದ್ದೀರಿ ಎಂದಳಂತೆ. ನಾಗವೇಣಿ ಅದನ್ನು ಪೇಟೆಗೆಲ್ಲ ಹೇಳಿಕೊಂಡು ನಕ್ಕಳು. ನಾನು ಈಗ ಯಾರಿಗೂ ಯಾವ ಕಥೆಯನ್ನೂ ಹೇಳುವುದಿಲ್ಲ. ತವರು ಯಾವುದು ಎಂದು ಹೊಸಬರು ಕೇಳಿದರೆ ಇಲ್ಲ ಎನ್ನುತ್ತೇನೆ.

ಮೊನ್ನೆ ಅವಳು ಗಿರಣಿಗೆ ಬಂದಳು. ಯಾವಾಗಲೂ ನಾಗವೇಣಿಯೇ ಬರುವುದು, ಆವತ್ತು ಇವಳು. ರಾಗಿಯ ಡಬ್ಬಿ ಮುಂದಿಟ್ಟಳು. ಬೀಸಿ ಕೊಟ್ಟೆ. ಕೊಡುವಾಗ ಕ್ಷಮಿಸು ಎಂಬ ಅದೇ ಮಾತು ಗಂಟಲವರೆಗೆ ಬಂತು, ಅಂದಿನಂತೆಯೇ ಹಲ್ಲು ಕಚ್ಚಿ ಹಿಡಿದೆ. ಅವಳು ಮುಚ್ಚಳ ತೆಗೆದು ಎರಡು ಬೆರಳಲ್ಲಿ ಹಿಟ್ಟು ತೆಗೆದು ತಿಕ್ಕಿ ನೋಡಿದಳು. ಹುಬ್ಬು ಗಂಟಿಕ್ಕಿತು. ಡಬ್ಬಿಯನ್ನು ನನ್ನ ಕಡೆಗೇ ತಳ್ಳಿದಳು.

“ತರಿತರಿಯಾಗಿದೆ,” ಅಂದಳು. “ಇನ್ನೊಂದು ಸಲ ಹಾಕಿ.”

ಅಕ್ಕ ಅನ್ನಲಿಲ್ಲ. ಕಣ್ಣನ್ನು ಕೆಳಗೆ ಹಾಕಲೂ ಇಲ್ಲ. ಸಾಲಿನಲ್ಲಿ ನಿಂತಿದ್ದ ಹೆಂಗಸರು ತಿರುಗಿ ನೋಡಿದರು. ನಾನು ಡಬ್ಬಿ ಎತ್ತಿಕೊಂಡು, ಬಂದ ಅಳುವನ್ನು ಯಾರಿಗೂ ಕಾಣದಂತೆ ಬೆನ್ನು ತಿರುಗಿಸಿ, ಹಿಟ್ಟನ್ನು ಮತ್ತೆ ಗಿರಣಿಯ ಬಾಯಿಗೆ ಸುರಿದೆ. ಅದು ನುಣ್ಣಗಾಗುವವರೆಗೆ ಅವಳು ಅಲ್ಲೇ ನಿಂತು ನೋಡುತ್ತಿದ್ದಳು.